ತೂಕದ ಚೀಟಿ, ಸೊಂಟದ ಅಳತೆ

ಹೌರಾ ನಿಲ್ದಾಣದಲ್ಲಿ ಮದ್ರಾಸ್ ಮೇಲ್‌ನಿಂದ ಇಳಿದು, ಕೂಲಿಯ ತಲೆಯ ಮೇಲಿನ ಟ್ರಂಕನ್ನೇ ನೋಡುತ್ತ ಜನಸಂದಣಿಯಲ್ಲಿ ನಡೆದ ಹಳೆಯ ತಲೆಮಾರಿನ ಕನ್ನಡಿಗರಿಗೆ ರೈಲು ನಿಲ್ದಾಣಗಳ ತೂಕದ ಯಂತ್ರದ ನೆನಪು ಇದ್ದೇ ಇರುತ್ತದೆ. ಬಣ್ಣದ ದೀಪಗಳು ಮಿನುಗುವ, ಚಕ್ರ ತಿರುಗುವ ಆ ಯಂತ್ರದ ಮೇಲೆ ನಿಂತು ನಾಣ್ಯ ಹಾಕಿದರೆ ರೈಲು ಟಿಕೇಟಿನ ಗಾತ್ರದ ಗಟ್ಟಿ ಚೀಟಿಯೊಂದು ಟಪ್ಪನೆ ಬೀಳುತ್ತಿತ್ತು. ಅದರ ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ ಅಥವಾ ಚಿತ್ರತಾರೆಯ ಮುಖ. ಭವಿಷ್ಯವನ್ನು ಓದಿ ಎಲ್ಲರೂ ನಗುತ್ತಿದ್ದರು; ತೂಕವನ್ನು ಮಾತ್ರ ನಂಬುತ್ತಿದ್ದರು. ತೂಕದ ಅಂಕಿಯೊಂದನ್ನೇ ಹಿಡಿದು ಆರೋಗ್ಯದ ಭವಿಷ್ಯ ತಿಳಿಯಹೊರಟರೆ ಚೀಟಿಯ ಈ ಬದಿಯನ್ನೂ ಪೂರ್ತಿ ನಂಬತಕ್ಕದ್ದಲ್ಲವೆಂದು ಕಳೆದ ಕೆಲವು ದಶಕಗಳ ವೈದ್ಯವಿಜ್ಞಾನ ತೋರಿಸಿಕೊಟ್ಟಿದೆ. ಭಾರತೀಯರ ಮಟ್ಟಿಗಂತೂ ಇದು ಹೆಚ್ಚು ಸತ್ಯ.

‘ಇಷ್ಟು ಎತ್ತರಕ್ಕೆ ಇಷ್ಟು ತೂಕ’ ಎಂದು ಗೋಡೆಗೆ ಅಂಟಿಸುವ ಪಟ್ಟಿ ಪ್ರಸಿದ್ಧಿಗೆ ಬಂದುದು ಆಸ್ಪತ್ರೆಯಿಂದಲ್ಲ, ವಿಮಾ ಕಚೇರಿಯಿಂದ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಲೈಫ್ ಇನ್ಶೂರೆನ್ಸ್ ಕಂಪನಿಯು ಯಾವ ತೂಕದ ಪಾಲಿಸಿದಾರರು ಹೆಚ್ಚು ಕಾಲ ಬದುಕಿದರೆಂದು ಲೆಕ್ಕ ಹಾಕಿ 1942-43ರಲ್ಲಿ ‘ಆದರ್ಶ ತೂಕ’ದ ಪಟ್ಟಿಗಳನ್ನು ಹೊರಡಿಸಿತು. 1959ರಲ್ಲಿ ಅದು ‘ಅಪೇಕ್ಷಣೀಯ ತೂಕ’ವಾಯಿತು, 1983ರಲ್ಲಿ ಮತ್ತೆ ಪರಿಷ್ಕಾರವಾಗಿ ಅಂಕಿಗಳು ಕೊಂಚ ಮೇಲಕ್ಕೇರಿದವು. ಸಣ್ಣ ಮೈಕಟ್ಟು, ಮಧ್ಯಮ, ದೊಡ್ಡದು ಎಂಬ ವಿಭಾಗಗಳಿದ್ದರೂ ಯಾರದು ಯಾವ ಮೈಕಟ್ಟೆಂದು ನಿರ್ಧರಿಸುವ ಕ್ರಮವನ್ನು ಮೊದಲ ಪಟ್ಟಿಗಳಲ್ಲಿ ಹೇಳಿರಲೇ ಇಲ್ಲ! ಕಂತು ನಿಗದಿ ಮಾಡಬೇಕಾದ ಕಂಪನಿಯ ದೃಷ್ಟಿಯಿಂದ ಅದು ಕೆಲಸಕ್ಕೆ ಬರುವ ಲೆಕ್ಕವೇ. ಆದರೆ ಆ ಲೆಕ್ಕದ ಪುಸ್ತಕದಲ್ಲಿದ್ದವರು ಅಮೆರಿಕೆಯಲ್ಲಿ ವಿಮೆ ಮಾಡಿಸಿಕೊಳ್ಳುವ ಅನುಕೂಲವಿದ್ದ ಜನ. ಹಾಸನದ ರೈತನೂ ಅಲ್ಲ, ಕಲ್ಕತ್ತೆಯ ಗುಮಾಸ್ತೆಯೂ ಅಲ್ಲ. ಅದೇ ಕಾಲದ ವಿಮಾ ವೈದ್ಯರು ಎದೆಯ ಸುತ್ತಳತೆಯ ಜೊತೆಗೆ ಹೊಟ್ಟೆಯ ಸುತ್ತಳತೆಯನ್ನೂ ಬರೆದುಕೊಳ್ಳುತ್ತಿದ್ದರು. ಅದರ ಬೆಲೆ ಸಾರ್ವಜನಿಕರಿಗೆ ತಿಳಿಯಲು ಬಹುಕಾಲ ಹಿಡಿಯಿತು.

ಇಂದು ವೈದ್ಯರು ಬಳಸುವ ಸೂಚ್ಯಂಕ ಬೇರೆ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ದೇಹದ್ರವ್ಯ ಸೂಚ್ಯಂಕ, ಜನರ ಬಾಯಲ್ಲಿ ಬಿ.ಎಂ.ಐ. ಈ ಸೂತ್ರ ಬೆಲ್ಜಿಯಮ್ಮಿನ ಖಗೋಳಜ್ಞ ಕ್ವೆಟ್ಲೆಯದು, 1830ರ ದಶಕದ್ದು. ಆತನಿಗೆ ಬೇಕಾಗಿದ್ದುದು ‘ಸರಾಸರಿ ಮನುಷ್ಯ’ನ ಸ್ವರೂಪ, ಬೊಜ್ಜಿನ ಚಿಂತೆ ಆತನಿಗಿರಲಿಲ್ಲ. ಇಂಥ ಅಳತೆಗಳ ಗಣಿತದಲ್ಲಿ ಕಲ್ಕತ್ತೆಗೂ ಒಂದು ಸ್ಥಾನವುಂಟು. ಪ್ರಶಾಂತಚಂದ್ರ ಮಹಲನೋಬಿಸರ 1922ರ ಪ್ರಸಿದ್ಧ ಲೇಖನದ ವಿಷಯ ಈ ನಗರದ ಆಂಗ್ಲೋ-ಇಂಡಿಯನ್ ಪುರುಷರ ಎತ್ತರವೇ. ಕ್ವೆಟ್ಲೆಯ ಸೂತ್ರವನ್ನು 1972ರಲ್ಲಿ ಅಮೆರಿಕೆಯ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಪರೀಕ್ಷಿಸಿ ಅದಕ್ಕೆ ಈಗಿನ ಹೆಸರನ್ನು ಕೊಟ್ಟರು. ಜನಸಮುದಾಯವನ್ನು ಅಳೆಯಲು ಹುಟ್ಟಿದ ಈ ಸೂತ್ರವೇ ಈಗ ಒಬ್ಬೊಬ್ಬ ವ್ಯಕ್ತಿಯ ತೀರ್ಪುಗಾರನಾಗಿ ಕುಳಿತಿದೆ.

ಅದರ ಕೊರತೆಯನ್ನು ಇಬ್ಬರು ವೈದ್ಯರು ತಮ್ಮ ದೇಹಗಳನ್ನೇ ಮುಂದಿಟ್ಟು ತೋರಿಸಿದರು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅವರ ಚಿತ್ರ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಬ್ಬರ ಸೂಚ್ಯಂಕವೂ ಒಂದೇ, 22.3. ಆದರೆ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ಒಬ್ಬರು ಮ್ಯಾರಥಾನ್ ಓಡುವವರೆಂಬುದು ನಿಜವಾದರೂ ಅಷ್ಟರಿಂದಲೇ ಈ ಅಂತರ ಪೂರ್ತಿ ವಿವರಣೆಗೆ ಸಿಗುವುದಿಲ್ಲ. ಭಾರತೀಯ ಶರೀರದಲ್ಲಿ ಅಷ್ಟೇ ತೂಕದೊಳಗೆ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬೂ ಕೈಕಾಲುಗಳಲ್ಲಿ ಹರಡದೆ ಹೊಟ್ಟೆಯ ಒಳಗೆ, ಯಕೃತ್ತಿನ ಸುತ್ತುಮುತ್ತ ಶೇಖರವಾಗುವ ಪ್ರವೃತ್ತಿಯುಳ್ಳದ್ದು. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಎಳೆದುಕೊಳ್ಳಬೇಕಾದುದು ಮುಖ್ಯವಾಗಿ ಮಾಂಸಖಂಡ. ಅದು ಸೊರಗಿ, ಹೊಟ್ಟೆಯೊಳಗೆ ಕೊಬ್ಬು ಬೆಳೆದರೆ ಇನ್ಸುಲಿನ್ನಿನ ಮಾತು ನಡೆಯದಂತಾಗುತ್ತದೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳ ದಾರಿ ಅಲ್ಲಿಂದ ತೆರೆಯುತ್ತದೆ.

ಆದುದರಿಂದಲೇ ಯೂರೋಪಿನವರಿಗೆ 25ರವರೆಗೆ ಸರಿ ಎನ್ನುವ ಸೂಚ್ಯಂಕದ ಗಡಿಯನ್ನು ಭಾರತದ ತಜ್ಞರು 2009ರಲ್ಲಿ 23ಕ್ಕೆ ಇಳಿಸಿದರು. 25 ದಾಟಿದರೆ ಬೊಜ್ಜೆಂದೇ ಎಣಿಕೆ. ಐದಡಿ ಐದಂಗುಲ ಎತ್ತರದ ಗೃಹಸ್ಥರೊಬ್ಬರು 66 ಕಿಲೋ ಇದ್ದಾರೆಂದು ಇಟ್ಟುಕೊಳ್ಳೋಣ. ಸೂಚ್ಯಂಕ ಸುಮಾರು 24. ಪರದೇಶದ ಪಟ್ಟಿ ಅವರನ್ನು ಆರೋಗ್ಯವಂತರೆಂದು ಬೆನ್ನು ತಟ್ಟುತ್ತದೆ. ಇಲ್ಲಿಯ ಲೆಕ್ಕದಲ್ಲಿ ಅವರು 62 ಕಿಲೋದ ಆಸುಪಾಸಿನಲ್ಲಿರಬೇಕು. ಇದಕ್ಕಿಂತ ಮುಖ್ಯವಾದುದು ಸೊಂಟದ ಸುತ್ತಳತೆ. ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ ಅಂಗುಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸೂಚ್ಯಂಕದ ಪ್ರಕಾರ ಬೊಜ್ಜಿದ್ದವರು ನೂರಕ್ಕೆ 28.6, ಸೊಂಟದಳತೆಯ ಪ್ರಕಾರ ಬೊಜ್ಜಿದ್ದವರು 39.5. ತೂಕದ ಯಂತ್ರ ಕಾಣದ ಎಷ್ಟೋ ಮಂದಿಯನ್ನು ದರ್ಜಿಯ ಟೇಪು ಕಂಡಿತು. ಮಧುಮೇಹಿಗಳು 10 ಕೋಟಿಗೆ ಮೇಲ್ಪಟ್ಟು, ಅದರ ಹೊಸ್ತಿಲಲ್ಲಿರುವವರು 13 ಕೋಟಿಗೆ ಮೇಲ್ಪಟ್ಟು ಎಂಬುದೂ ಆ ಸಮೀಕ್ಷೆಯ ಅಂದಾಜು.

ಭಾರತೀಯರಿಗೇ ಏಕೆ ಹೀಗೆ? ಇದರ ಉತ್ತರದ ಒಂದು ದೊಡ್ಡ ಭಾಗ ದೊರೆತದ್ದು ಮೈಸೂರಿನಲ್ಲಿ, ಒಂದು ಆಸ್ಪತ್ರೆಯ ಹಳೆಯ ದಾಖಲೆ ಪುಸ್ತಕಗಳಲ್ಲಿ ಎಂಬುದು ಕನ್ನಡಿಗರಲ್ಲಿಯೇ ಅನೇಕರಿಗೆ ತಿಳಿಯದು. ಮಿಷನ್ ಆಸ್ಪತ್ರೆಯೆಂದು ಊರೆಲ್ಲ ಕರೆಯುವ ಹೋಲ್ಡ್ಸ್‌ವರ್ತ್ ಮೆಮೊರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅಚ್ಚುಕಟ್ಟಾಗಿ ಬರೆದಿಡಲಾಗಿತ್ತು. ಬರೆದ ದಾದಿಯರಿಗೆ ಅದು ದಿನದ ಕೆಲಸ. ಮುಂದೆ ಯಾರಾದರೂ ತೆರೆದು ನೋಡುತ್ತಾರೆಂಬ ಕಲ್ಪನೆ ಇದ್ದಿರಲಾರದು. ಅರ್ಧ ಶತಮಾನದ ಮೇಲೆ ಇಂಗ್ಲೆಂಡಿನ ಸೌಥಾಂಪ್ಟನ್ ಮತ್ತು ಮೈಸೂರಿನ ವೈದ್ಯರು ಸೇರಿ ಆ ಪುಸ್ತಕಗಳನ್ನು ತೆರೆದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ಇನ್ನೂ ಆಸ್ಪತ್ರೆಯ ಸಮೀಪದಲ್ಲಿಯೇ ವಾಸವಾಗಿದ್ದ 517 ಸ್ತ್ರೀಪುರುಷರನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗ, ಮೂರು ಕಿಲೋಗೆ ಮೇಲ್ಪಟ್ಟು ಹುಟ್ಟಿದವರಲ್ಲಿ ನೂರಕ್ಕೆ 3. ಹೆತ್ತ ತಾಯಿಯ ತೂಕವೂ ನೂರು ಪೌಂಡಿಗಿಂತ, ಅಂದರೆ 45 ಕಿಲೋಗಿಂತ, ಕಡಿಮೆಯಿದ್ದಲ್ಲಿ ರೋಗ ಇನ್ನೂ ಹೆಚ್ಚು.

ಮಧುಮೇಹದ ವಿಷಯದಲ್ಲಿ ಲೆಕ್ಕ ಅಷ್ಟು ಸರಳವಾಗಿ ಕೂಡಿ ಬರಲಿಲ್ಲ. 1998ರ ಮತ್ತೊಂದು ವರದಿಯ ಪ್ರಕಾರ ಆ ರೋಗ ಹೆಚ್ಚಾಗಿ ಕಂಡದ್ದು ಉದ್ದದಲ್ಲಿ ಗಿಡ್ಡಗೆ, ಆದರೆ ಆ ಉದ್ದಕ್ಕೆ ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರು ತೆಳ್ಳಗಿನವರಲ್ಲ, ತೂಕವುಳ್ಳವರು. ಗರ್ಭಿಣಿಯರ ಸಕ್ಕರೆ ಕಾಯಿಲೆಯೇ ಇದರ ಮೂಲವಿರಬಹುದೆಂದು ಸಂಶಯಪಟ್ಟು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ‘ಪಾರ್ಥೆನಾನ್’ ಎಂಬ ಹೆಸರಿನ ಹೊಸ ಅಧ್ಯಯನ ಆರಂಭವಾಯಿತು. ಪರೀಕ್ಷೆಗೊಳಗಾದ ಗರ್ಭಿಣಿಯರಲ್ಲಿ ನೂರಕ್ಕೆ ಆರು ಮಂದಿಗೆ ಆ ಕಾಯಿಲೆ ಇದ್ದುದು ಗೊತ್ತಾಯಿತು. ಅವರ ಹೆಣ್ಣುಮಕ್ಕಳು ಐದನೆಯ ವಯಸ್ಸಿಗಾಗಲೇ ಇತರರಿಗಿಂತ ಹೆಚ್ಚು ಕೊಬ್ಬುಳ್ಳವರಾಗಿದ್ದರು. ಇನ್ನೂ ಆಶ್ಚರ್ಯದ ಸಂಗತಿಯೊಂದುಂಟು. ಮೈಸೂರಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಎಲ್ಲ ಅಳತೆಗಳಲ್ಲಿಯೂ ಚಿಕ್ಕವಾಗಿದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ. ಅಂದರೆ ಬೊಜ್ಜಿನ ಖಾತೆ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತ ಮೇಲೆ ತೆರೆದದ್ದಲ್ಲ. ತಾಯಿಯ ಗರ್ಭದಲ್ಲಿಯೇ ತೆರೆದದ್ದು. ಕಡಿಮೆ ಅನ್ನದಲ್ಲಿ ಬೆಳೆದ ಭ್ರೂಣ ಮೆದುಳನ್ನು ಉಳಿಸಿಕೊಂಡು, ಮಾಂಸಖಂಡದಲ್ಲಿ ಮಿತವ್ಯಯ ಮಾಡಿ, ಕೊಬ್ಬನ್ನು ಕೂಡಿಡುತ್ತದೆ ಎಂಬುದು ಈ ವಿಜ್ಞಾನಿಗಳ ವಿವರಣೆ. ಬರಗಾಲದಲ್ಲಿ ಬಾಳಲು ಸಿದ್ಧವಾದ ಶರೀರ ಸುಭಿಕ್ಷದ ನಡುವೆ ಬಂದು ನಿಂತಾಗಲೇ ತೊಂದರೆ.

ಇದನ್ನು ತಿಳಿದರೆ ಹಿರಿಯರ ಉಪದೇಶವನ್ನು ಹಳಿಯುವ ಮನಸ್ಸಾಗದು. ‘ಇನ್ನೊಂದು ತುತ್ತು ತಿನ್ನು, ಒಂದು ಮಿಳ್ಳೆ ತುಪ್ಪ ಹಾಕಿಕೋ’ ಎಂದ ಅಜ್ಜಿಯ ಮಾತು ಅವರ ಕಾಲಕ್ಕೆ ಸರಿಯಾದ ವೈದ್ಯವೇ ಆಗಿತ್ತು. ಆಗ ವಿಜ್ಞಾನಿಗಳ ಮಾತೂ ಅದೇ ಧಾಟಿಯದು. ಕೂನೂರಿನ ಪೋಷಣಾ ಪ್ರಯೋಗಾಲಯದ ನಿರ್ದೇಶಕ ಐಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಣಮೌಲ್ಯದ ಕೈಪಿಡಿಯನ್ನು ಪ್ರಕಟಿಸಿದಾಗ ದೇಶದ ಮುಂದಿದ್ದ ಪ್ರಶ್ನೆ ಹೊಟ್ಟೆ ತುಂಬಿಸುವುದು ಹೇಗೆಂಬುದು. ಆರು ವರ್ಷಗಳಲ್ಲಿ ಬಂಗಾಳದ ಕ್ಷಾಮ ಬಂದು, 1943ರಲ್ಲಿ ಇದೇ ಕಲ್ಕತ್ತೆಯ ಕಾಲುದಾರಿಗಳಲ್ಲಿ ಗಂಜಿಗಾಗಿ ಅಂಗಲಾಚುತ್ತ ಜನ ಸತ್ತರು. ಅದರ ವಿಚಾರಣಾ ಆಯೋಗದಲ್ಲಿ ಅದೇ ಐಕ್ರಾಯ್ಡ್ ಸದಸ್ಯರಾಗಿ ಕುಳಿತರು. ಕೂನೂರಿನ ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. 2024ರಲ್ಲಿ ಅದು ಹೊರಡಿಸಿದ ಆಹಾರ ಸೂತ್ರಗಳಲ್ಲಿ ಬೊಜ್ಜನ್ನು ತಡೆಯುವ ಮಾತೂ ಪ್ರಮುಖವಾಗಿಯೇ ಇದೆ. ಸಲಹೆ ಬದಲಾದುದಕ್ಕೆ ವಿಜ್ಞಾನಿಗಳ ಚಂಚಲತೆ ಕಾರಣವೆಂದು ತಿಳಿಯಬೇಕಾದುದಿಲ್ಲ, ರೋಗಿ ಬದಲಾದ.

ಹಾಗೆ ಬದಲಾದವರಲ್ಲಿ ವರ್ಗಾವಣೆಯ ಆಜ್ಞೆ ಹಿಡಿದು ಕಲ್ಕತ್ತೆಗೆ ಬಂದ ಕನ್ನಡಿಗ ಕುಟುಂಬಗಳೂ ಸೇರಿವೆ. ಕರಾವಳಿಯ ಊರುಗಳಲ್ಲಿ ಹುಟ್ಟಿದ ಬ್ಯಾಂಕುಗಳು ಎಷ್ಟೋ ಮಂದಿಯನ್ನು ಇಲ್ಲಿಗೆ ತಂದವು. ಆ ಬ್ಯಾಂಕುಗಳಲ್ಲಿ ಕೆಲವು ಈಗ ವಿಲೀನವಾಗಿ ಹೆಸರೂ ಉಳಿದಿಲ್ಲ, ಬಂದವರು ಉಳಿದಿದ್ದಾರೆ. ಬಂದವರು ಊರಿನ ಊಟವನ್ನು ಬಿಡಲಿಲ್ಲ. ಇಲ್ಲಿಯದನ್ನು ಅದಕ್ಕೆ ಕೂಡಿಸಿಕೊಂಡರು. ಬೆಳಿಗ್ಗೆ ದೋಸೆಯೋ ಉಪ್ಪಿಟ್ಟೋ ಆಗಲೇಬೇಕು. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ಮೊಸರನ್ನ. ಸಂಜೆ ಕಚೇರಿಯ ಕೆಳಗೆ ಮಣ್ಣಿನ ಭಾಂಡದಲ್ಲಿ ಸಿಹಿ ಚಹಾ, ಜೊತೆಗೆ ಶಿಂಗಾಡಾ. ರಾತ್ರಿ ಮತ್ತೆ ಅನ್ನ, ಸಾರು. ಭಾನುವಾರ ಬೆಳಿಗ್ಗೆ ಮೂಲೆಯಂಗಡಿಯ ಕಚೂರಿ, ಜಿಲಿಪಿ. ಸಂಕ್ರಾಂತಿಗೆ ಊರಿನಿಂದ ಪಾರ್ಸೆಲಿನಲ್ಲಿ ಬಂದ ಎಳ್ಳುಬೆಲ್ಲವೂ ಬೇಕು, ನೆರೆಮನೆಯ ಬೌದಿ ಕಳಿಸಿದ ಪಿಠೆಯೂ ಬೇಕು, ಹೊಸ ಖರ್ಜೂರ ಬೆಲ್ಲದ ಸಂದೇಶವನ್ನು ಬೇಡವೆಂದರೆ ಬಂಗಾಳಿ ಮಿತ್ರರು ನೊಂದುಕೊಳ್ಳುತ್ತಾರೆ. ಹೀಗೆ ಎರಡು ಅಡಿಗೆಮನೆಗಳ ಜಮೆ ಒಂದೇ ಹೊಟ್ಟೆಗೆ. ಖರ್ಚಿನ ಕಡೆ ನೋಡಿದರೆ ಮೆಟ್ರೋ ನಿಲ್ದಾಣದ ಮೆಟ್ಟಿಲೂ ತಾನೇ ಚಲಿಸುತ್ತದೆ.

ಆದರೆ ಇದೇ ಊರಿನ ತರಕಾರಿ ಮಾರುಕಟ್ಟೆಯಷ್ಟು ಸಮೃದ್ಧವಾದುದು ಅಪರೂಪ. ದಕ್ಷಿಣ ಕನ್ನಡದವರ ಬಸಳೆಯೇ ಇಲ್ಲಿಯ ಪುಯಿ ಶಾಕ್. ಬಾಳೆಯ ಹೂವು ಮೋಚಾ, ಬಾಳೆದಿಂಡು ಥೋರ್, ಎಳೆ ಹಲಸು ಎಂಚೋಡ್. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು ಕೊಳ್ಳಲು ಹೋದವರು ಇವನ್ನೂ ಚೀಲಕ್ಕೆ ಹಾಕಿಕೊಂಡು ಬಂದರೆ ಊರಿನ ಪಲ್ಯಗಳೆಲ್ಲ ಇಲ್ಲಿಯೇ ಆಗುತ್ತವೆ.

ಇನ್ನು ಸಲಹೆಗಳ ವಿಷಯ. ವಾಟ್ಸಾಪಿನಲ್ಲಿ ದಿನಕ್ಕೊಂದು ಉಪದೇಶ ಬರುತ್ತದೆ: ಅನ್ನ ವಿಷ, ತುಪ್ಪ ಅಮೃತ, ರಾಗಿ ತಿಂದವನಿಗೆ ಸಕ್ಕರೆ ಕಾಯಿಲೆಯಿಲ್ಲ, ಇತ್ಯಾದಿ. ಇಂಥವನ್ನು ಕಂಡಾಗ ಸಾಲದ ಅರ್ಜಿಯನ್ನು ನೋಡುವಂತೆ ನೋಡುವುದು ವಿಹಿತ. ಎಷ್ಟು, ಯಾವುದರ ಬದಲಿಗೆ, ಯಾರಿಗೆ ಎಂಬ ಮೂರು ವಿವರಗಳಿಲ್ಲದ ಅರ್ಜಿ ಹಿಂದಿರುಗಿಸತಕ್ಕದ್ದು. ರಾಗಿಯನ್ನೇ ತೆಗೆದುಕೊಳ್ಳೋಣ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಅದರ ಕೀರ್ತಿ ಆಕಾಶಕ್ಕೇರಿದೆ. ಡಾ. ಗೋಪಾಲನ್ ಮತ್ತಿತರರ 1971ರ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದಂಶ, ಬಿಳಿಯ ಅಕ್ಕಿಯಲ್ಲಿ ಬರಿಯ 10. ಮೂಳೆಗಳಿಗೆ ಇದಕ್ಕಿಂತ ಒಳ್ಳೆಯ ಧಾನ್ಯವಿಲ್ಲ. ಆದರೆ ಶಾಖದ ಲೆಕ್ಕದಲ್ಲಿ ರಾಗಿ 328 ಕ್ಯಾಲೊರಿ, ಅಕ್ಕಿ 345, ಹೇಳಿಕೊಳ್ಳುವಂಥ ವ್ಯತ್ಯಾಸವೇನಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆ ಸಕ್ಕರೆಯನ್ನು ಬೇಗನೆಯೇ ಏರಿಸಬಲ್ಲದು. ಹೊಲದಲ್ಲಿ ದುಡಿದು ಎರಡು ಮುದ್ದೆ ಉಂಡ ಮಂಡ್ಯದ ರೈತನ ಆರೋಗ್ಯಕ್ಕೆ ಕಾರಣ ಮುದ್ದೆಯಷ್ಟೇ ಅಲ್ಲ, ಹೊಲವೂ ಹೌದು. 2025ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಮತ್ತೊಂದು ವರದಿ ಇದನ್ನೇ ಹೇಳುತ್ತದೆ. ಭಾರತೀಯರ ಆಹಾರದ ಶಾಖದಲ್ಲಿ ನೂರಕ್ಕೆ 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತಿದೆ. ಒಟ್ಟು ಪ್ರಮಾಣವನ್ನು ಇಳಿಸದೆ ಅಕ್ಕಿಯ ಬದಲು ಗೋಧಿಹಿಟ್ಟನ್ನೋ ರಾಗಿಹಿಟ್ಟನ್ನೋ ತಂದುದರಿಂದ ಮಧುಮೇಹದ ಅಪಾಯ ತಗ್ಗಿದುದು ಕಾಣಲಿಲ್ಲ. ಅದರ ಒಂದು ಸಣ್ಣ ಪಾಲನ್ನು ಬೇಳೆಕಾಳು, ಹಾಲುಮೊಸರು, ಮೊಟ್ಟೆ, ಮೀನುಗಳಿಗೆ ಬಿಟ್ಟುಕೊಟ್ಟ ಲೆಕ್ಕದಲ್ಲಿ ಅಪಾಯ ತಗ್ಗಿತು. ರಾಷ್ಟ್ರೀಯ ಸಂಸ್ಥೆಯ ಸೂತ್ರದಲ್ಲಿ 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಸೊಪ್ಪು. ತಿಳಿಸಾರನ್ನು ಮೂರು ಸಲ ಬಡಿಸಿಕೊಂಡರೂ ಆ 85 ಗ್ರಾಂ ಭರ್ತಿಯಾಗದು. ಗಟ್ಟಿ ಹುಳಿ, ಉಸಲಿ, ಕೋಸಂಬರಿಗಳು ಹಬ್ಬದ ಎಲೆಯ ತುದಿಯಿಂದ ದಿನದ ತಟ್ಟೆಯ ನಡುವಿಗೆ ಬರಬೇಕಾಗಿದೆ.

ಎಣ್ಣೆಯ ಜಗಳವೂ ಹೀಗೆಯೇ. ಸಾಸಿವೆ ಎಣ್ಣೆ ಮೇಲೋ ಕಡಲೆಕಾಯಿ ಎಣ್ಣೆಯೋ ಕೊಬ್ಬರಿ ಎಣ್ಣೆಯೋ ಎಂದು ಮೂರು ಜಿಲ್ಲೆಯ ಮೂವರು ಗೃಹಿಣಿಯರು ವಾದಿಸಬಹುದು. ಗುಣಗಳಲ್ಲಿ ಭೇದವುಂಟು, ಆದರೆ ಗ್ರಾಮಿಗೆ ಒಂಬತ್ತು ಕ್ಯಾಲೊರಿ ಎಂಬುದರಲ್ಲಿ ಮೂರೂ ಒಂದೇ. ಅದೇ ಸೂತ್ರದ ಪ್ರಕಾರ ತಲೆಗೆ ದಿನಕ್ಕೆ 27 ಗ್ರಾಂ. ನಾಲ್ವರ ಮನೆಗೆ ತಿಂಗಳಿಗೆ ಮೂರೂಕಾಲು ಕಿಲೋ, ಸುಮಾರು ಮೂರೂವರೆ ಲೀಟರು. ತುಪ್ಪ, ಬೆಣ್ಣೆ ಎಲ್ಲ ಸೇರಿ. ತಿಂಗಳ ದಿನಸಿ ಚೀಟಿಯನ್ನು ತೆಗೆದು ನೋಡಿದರೆ ಸತ್ಯ ತಿಳಿಯುತ್ತದೆ. ಬಿಡಿ ಎಣ್ಣೆಯನ್ನು ಮಾತ್ರ ಯಾವ ಕಾರಣಕ್ಕೂ ಕೊಳ್ಳತಕ್ಕದ್ದಲ್ಲ. 1988ರಲ್ಲಿ ಬೆಹಾಲಾದಲ್ಲಿ ಕಲಬೆರಕೆಯ ಎಣ್ಣೆಯಿಂದ ನೂರಾರು ಮಂದಿಯ ಕೈಕಾಲುಗಳು ಸ್ವಾಧೀನ ತಪ್ಪಿದುದನ್ನು ಆಗ ಇಲ್ಲಿದ್ದವರು ಮರೆತಿರಲಾರರು.

ಒಂದಕ್ಕೊಂದು ವಿರೋಧವಾದ ವರದಿಗಳೂ ಬರುತ್ತವೆ. ಏಷ್ಯದ ಹನ್ನೊಂದು ಲಕ್ಷಕ್ಕೂ ಮಿಕ್ಕ ಜನರ ಲೆಕ್ಕವನ್ನು ಕೂಡಿಸಿದ 2011ರ ಅಧ್ಯಯನದಲ್ಲಿ ಭಾರತ ಮತ್ತು ಬಾಂಗ್ಲಾದೇಶದವರ ಪೈಕಿ ಹೆಚ್ಚು ಸತ್ತವರು ಸ್ಥೂಲಕಾಯರಲ್ಲ, ತೀರ ತೆಳ್ಳಗಿದ್ದವರು. ಇದನ್ನು ಹಿಡಿದು ಹೊಟ್ಟೆ ಸವರಿಕೊಳ್ಳುವವರಿದ್ದಾರೆ. ಆದರೆ ಬಡವರ ನಡುವೆ ತೆಳ್ಳಗಿರುವುದೆಂದರೆ ಅನೇಕ ವೇಳೆ ಹಸಿವು, ಇಲ್ಲವೆ ಕ್ಷಯ. ಅಂಥವರ ಲೆಕ್ಕ ಕಚೇರಿಯ ಕುರ್ಚಿಯಲ್ಲಿ ಕುಳಿತವರಿಗೆ ಅಭಯವಾಗಲಾರದು. ಆ ವರದಿಯಲ್ಲಿ ಗ್ರಹಿಸಬೇಕಾದ ನಿಜವೂ ಉಂಟು. ವಯಸ್ಸಾದವರು ತೆಳ್ಳಗಾಗಲು ಹವಣಿಸಬಾರದು. ಎಪ್ಪತ್ತು ದಾಟಿದ ತಂದೆತಾಯಿಗಳ ತೂಕ ಪ್ರಯತ್ನವಿಲ್ಲದೆ ಇಳಿಯತೊಡಗಿದರೆ ಸಂತೋಷಪಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಿಂದ ಇಲ್ಲಿಯೂ ಸುದ್ದಿಯಲ್ಲಿವೆ; ಅವು ವೈದ್ಯರ ಕೈಯಲ್ಲಿರಬೇಕಾದ ಔಷಧ, ನೆರೆಯವರು ತೆಗೆದುಕೊಂಡರೆಂದು ಕೊಳ್ಳುವ ವಸ್ತುವಲ್ಲ.

ಸೊಂಟವನ್ನು ಅಳೆಯುವ ಕ್ರಮ ಸುಲಭ. ಷರಾಯಿ ಕಟ್ಟುವ ಜಾಗ ಅದಲ್ಲ. ಹೊಟ್ಟೆ ಬೆಳೆದಂತೆ ಗಂಡಸರ ಬೆಲ್ಟು ಕೆಳಗಿಳಿಯುತ್ತ ಹೋಗಿ ಅಂಗುಲ ಏರದೆ ಉಳಿಯುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ, ಬಟ್ಟೆಯಿಲ್ಲದೆ ಟೇಪು ಸುತ್ತಿ ನೋಡಬೇಕು. 90 ದಾಟಿದ್ದರೆ ತೂಕವೆಷ್ಟೇ ಇರಲಿ, ಬರಿಯ ಹೊಟ್ಟೆಯ ರಕ್ತದ ಸಕ್ಕರೆ, ರಕ್ತದೊತ್ತಡ, ಕೊಬ್ಬಿನಂಶಗಳ ಪರೀಕ್ಷೆ ಮಾಡಿಸುವುದು ಅಗತ್ಯ. ಸಕ್ಕರೆ 126 ಮುಟ್ಟಿದರೆ, ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ, ಮಧುಮೇಹ. ರವೀಂದ್ರ ಸರೋವರದ ಸುತ್ತ ಬೆಳಗಿನ ನಡಿಗೆ ಒಳ್ಳೆಯದು. ಮಾಂಸಖಂಡ ಬೆಳೆಯಲು ಮೆಟ್ಟಿಲು ಹತ್ತುವುದು, ಭಾರ ಎತ್ತುವುದು, ಬಸ್ಕಿ ಹೊಡೆಯುವುದು ಇನ್ನೂ ಮುಖ್ಯ.

ಮೈಸೂರಿನ ಪುಸ್ತಕಗಳು ಹೇಳಿದ್ದರಲ್ಲಿ ಅತಿ ತುರ್ತಾದುದು ಮನೆಯ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಗರ್ಭಿಣಿಯರ ಸಕ್ಕರೆ ಪರೀಕ್ಷೆಯನ್ನು ಮೊದಲ ಭೇಟಿಯಲ್ಲೊಮ್ಮೆ, ಅನಂತರ 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ ಮಾಡಬೇಕೆಂಬುದು ಭಾರತ ಸರ್ಕಾರದ ನಿಯಮ. ಕಲ್ಕತ್ತೆಯ ಕನ್ನಡಿಗರ ಮನೆಗಳಲ್ಲಿ ಸೊಸೆಯನ್ನೋ ಮಗಳನ್ನೋ ಬಾಣಂತನಕ್ಕೆ ಊರಿಗೆ ಕಳಿಸುವುದು ಏಳನೆಯ ತಿಂಗಳಲ್ಲಿ, ಸೀಮಂತದ ಆಸುಪಾಸಿನಲ್ಲಿ. ಎರಡನೆಯ ಪರೀಕ್ಷೆಯ ಗಡುವು ಸರಿಯಾಗಿ ಆಗಲೇ ಬೀಳುತ್ತದೆ. ಇಲ್ಲಿಯ ವೈದ್ಯರು ಅಲ್ಲಿ ಮಾಡಿಸುತ್ತಾರೆಂದೂ ಅಲ್ಲಿಯವರು ಇಲ್ಲಿ ಆಗಿದೆಯೆಂದೂ ತಿಳಿದು ಪರೀಕ್ಷೆ ತಪ್ಪಿಹೋಗುವ ಸಂಭವವಿದೆ. ಹೌರಾದಲ್ಲಿ ರೈಲು ಹತ್ತುವ ಮುನ್ನವೇ ಅದು ಆಗಿರಬೇಕು. ಫಲಿತಾಂಶದ ಚೀಟಿ ಟಿಕೇಟಿನ ಜೊತೆಯಲ್ಲಿಯೇ ಆಕೆಯ ಕೈಚೀಲದಲ್ಲಿರಬೇಕು.